ಸಿಸಿಟಿವಿಯ 12 ವೋಲ್ಟ್ ಎಸ್‌ಎಂಪಿಎಸ್ ಅನ್ನು 14.4ಕ್ಕೆ ಏರಿಸಬಹುದಾ?

ಹೊಲದಮನೆ:
ನಮಸ್ಕಾರ. ನಮ್ಮ ಔಷಧಿ ಹೊಡೆಯುವ ಬ್ಯಾಟರಿ ಸ್ಪ್ರೇಯರ್‌ನ ಚಾರ್ಜರ್ ಸುಟ್ಟುಹೋಗಿದೆ. ಒಳಗಿರುವುದು 12 ವೋಲ್ಟ್ 8 ಎಎಚ್‌ನ (ಆಂಪಿಯರ್ ಅವರ್, ಅಂದರೆ ಸಾಮರ್ಥ್ಯ) ಮಾಮೂಲಿ ಲೆಡ್ ಆಸಿಡ್ ಬ್ಯಾಟರಿ. ಮನೆಯಲ್ಲಿ ಹಳೆ ಸಿಸಿಟಿವಿಯ 12 ವೋಲ್ಟ್ 5 ಆಂಪ್ ಎಸ್‌ಎಂಪಿಎಸ್ (ಮನೆ ಕರೆಂಟನ್ನು 12 ವೋಲ್ಟ್ ಡಿಸಿ ಮಾಡುವ ಪವರ್ ಸಪ್ಲೈ) ಸುಮ್ನೆ ಬಿದ್ದಿದೆ, ತೂತು ತೂತು ತಗಡಿನ ಡಬ್ಬಿಯದು. ವೋಲ್ಟೇಜ್ ಹೊಂದಿಸುವ ಪ್ರಿಸೆಟ್ (ಸ್ಕ್ರೂಡ್ರೈವರ್‌ನಿಂದ ತಿರುಗಿಸುವ ರೆಸಿಸ್ಟರ್) ಪೂರ್ತಿ ತಿರುಗಿಸಿದರೂ 13.2ಕ್ಕೆ ನಿಲ್ಲುತ್ತದೆ. ಬ್ಯಾಟರಿ ಮೇಲೆ ಸೈಕಲ್ ಯೂಸ್‌ಗೆ (ಖಾಲಿ ಮಾಡಿ ಮತ್ತೆ ತುಂಬುವ ಬಳಕೆಗೆ) 14.4ರಿಂದ 15 ಅಂತ ಬರೆದಿದೆ. ಯಾವ ರೆಸಿಸ್ಟರ್ ಬದಲಿಸಬೇಕು, ಎಷ್ಟರದು ಹಾಕಬೇಕು? ಸೋಲ್ಡರಿಂಗ್ ಬರುತ್ತದೆ, ಮೀಟರ್ ಇದೆ.

ಬೆಸುಗೆ_ಕಡ್ಡಿ:
ಆಗುತ್ತದೆ. ಔಟ್‌ಪುಟ್ ಕಡೆ, ಆಪ್ಟೋಕಪ್ಲರ್ (ಎರಡು ಕಡೆಗೂ ಬೆಳಕಿನಿಂದ ಸಿಗ್ನಲ್ ದಾಟಿಸುವ ಸಣ್ಣ ಐಸಿ) ಪಕ್ಕದಲ್ಲಿ ಟ್ರಾನ್ಸಿಸ್ಟರ್ ಥರ ಕಾಣುವ ಮೂರು ಕಾಲಿನ ಟಿಎಲ್431 ಇರುತ್ತದೆ ನೋಡಿ, ವೋಲ್ಟೇಜ್ ಹಿಡಿದಿಡುವ ಐಸಿ ಅದು. ಅದರ ರೆಫರೆನ್ಸ್ ಕಾಲು ಯಾವಾಗಲೂ 2.5 ವೋಲ್ಟ್‌ನಲ್ಲಿ ಇರುವ ಹಾಗೆ ಇಡೀ ಸರ್ಕಿಟ್ ಕೆಲಸ ಮಾಡುತ್ತದೆ. ಆ ಕಾಲಿಗೆ ಔಟ್‌ಪುಟ್‌ನಿಂದ ಒಂದು ರೆಸಿಸ್ಟರ್ (ಮೇಲಿನದು) ಬರುತ್ತದೆ, ಅಲ್ಲಿಂದ ಗ್ರೌಂಡ್‌ಗೆ ಇನ್ನೊಂದು (ಕೆಳಗಿನದು) ಹೋಗುತ್ತದೆ, ಪ್ರಿಸೆಟ್ ಇರುವುದು ಸಾಮಾನ್ಯವಾಗಿ ಈ ಕೆಳಗಿನದರ ಜೊತೆಗೇ. ಲೆಕ್ಕ ಇಷ್ಟೇ: ಮೇಲಿನದನ್ನು ಕೆಳಗಿನದರಿಂದ ಭಾಗಿಸಿ, 1 ಕೂಡಿಸಿ, 2.5ರಿಂದ ಗುಣಿಸಿ. ಮೇಲಿನದು 10ಕೆ (10 ಕಿಲೋ ಓಮ್) ಆದರೆ 12 ವೋಲ್ಟ್‌ಗೆ ಕೆಳಗೆ ಸುಮಾರು 2.6ಕೆ ಬೇಕು, 14.4ಕ್ಕೆ 2.1ಕೆ.

ಹಳೆಯದನ್ನು ಕೀಳಬೇಡಿ. ಕೆಳಗಿನ ಭಾಗಕ್ಕೆ, ಅಂದರೆ ರೆಫರೆನ್ಸ್ ಕಾಲಿನಿಂದ ಗ್ರೌಂಡ್‌ಗೆ, ಪ್ಯಾರಲಲ್ ಆಗಿ 18ಕೆ ಹಾಕಿ. ಪ್ರಿಸೆಟ್ ಪೂರ್ತಿ ಏರಿಸಿದಾಗ 14.6ರ ಹತ್ತಿರ ಬರುತ್ತದೆ. ನಿಮ್ಮ ಬೋರ್ಡ್‌ನಲ್ಲಿ ಮೇಲಿನದು ಬೇರೆ ಬೆಲೆಯದಾದರೆ ಲೆಕ್ಕ ಮತ್ತೆ ಮಾಡಬೇಕು. ಹೀಗೆ ಮಾಡುವುದರಲ್ಲಿ ಒಂದು ಲಾಭ ಇದೆ, ನೀವು ಹಾಕಿದ ರೆಸಿಸ್ಟರ್ ನಾಳೆ ಬಿಟ್ಟುಕೊಂಡರೂ ವೋಲ್ಟೇಜ್ ಕೆಳಗೆ ಬರುತ್ತದೆಯೇ ಹೊರತು ಮೇಲೆ ಹಾರುವುದಿಲ್ಲ. ಔಟ್‌ಪುಟ್ ಕೆಪಾಸಿಟರ್‌ಗಳು 16 ವೋಲ್ಟ್‌ನವಾದರೆ ತೆಗೆದು 25 ವೋಲ್ಟ್‌ನವು ಹಾಕಿ, 105 ಡಿಗ್ರಿ ಬಿಸಿ ತಡೆಯುವವೇ ಆಗಬೇಕು.

ಎರಡನೇಪ್ಯೂಸ್:
ವೋಲ್ಟೇಜ್ ಏರಿಸುವುದು ಸುಲಭದ ಭಾಗ ಸ್ವಾಮಿ. ಅದೇ ಬ್ಯಾಟರಿ ಮೇಲೆ ಇನಿಶಿಯಲ್ ಕರೆಂಟ್ ಅಂತ ಇನ್ನೊಂದು ಸಾಲು ಇರುತ್ತದೆ, ಓದಿದಿರಾ? 8 ಎಎಚ್‌ಗೆ ಸಾಮಾನ್ಯವಾಗಿ 2.4 ಆಂಪ್ ಒಳಗೆ. ಸ್ಪ್ರೇ ಮಾಡಿ ಖಾಲಿಯಾದ ಬ್ಯಾಟರಿಗೆ ಈ ಎಸ್‌ಎಂಪಿಎಸ್ ಸಿಕ್ಕಿಸಿದರೆ ಅದು 5 ಆಂಪ್ ದಾಟಿಯೂ ತಳ್ಳಲು ನೋಡುತ್ತದೆ, ಆಮೇಲೆ ಓವರ್‌ಲೋಡ್ ಆಗಿ ಟಿಕ್ ಟಿಕ್ ಅಂತ ಆಫ್ ಆಗುತ್ತಾ ಆನ್ ಆಗುತ್ತಾ ಕೂರುತ್ತದೆ. ಇದು ಕರೆಂಟ್ ಹಿಡಿದಿಡುವ ಚಾರ್ಜರ್ ಅಲ್ಲ. ಇನ್ನು 14.4ರಲ್ಲೇ ದಿನಗಟ್ಟಲೆ ಬಿಟ್ಟರೆ ಒಳಗಿನ ನೀರು ಆರಿ ಬ್ಯಾಟರಿ ಊದಿಕೊಳ್ಳುತ್ತದೆ. ಸದಾ ಸಿಕ್ಕಿಸಿಡುವುದಾದರೆ 13.5ರಿಂದ 13.8 ಸಾಕು, ತುಂಬಲು ಹೊತ್ತು ಜಾಸ್ತಿ ಹಿಡಿಯುತ್ತದೆ ಅಷ್ಟೇ.

ನಾನಾದರೆ ಆ ಡಬ್ಬಿ ಬಿಚ್ಚುವುದೇ ಇಲ್ಲ. ಹಳೆ ಲ್ಯಾಪ್‌ಟಾಪ್‌ನ 19 ವೋಲ್ಟ್ ಅಡಾಪ್ಟರ್ ಇದ್ದರೆ ಅದರ ಮುಂದೆ ಎಕ್ಸ್‌ಎಲ್4015 ಮಾಡ್ಯೂಲ್ (ಡಿಸಿ ವೋಲ್ಟೇಜ್ ಇಳಿಸುವ ಸಣ್ಣ ಬೋರ್ಡ್) ಹಾಕಿ, ಆದರೆ ವೋಲ್ಟೇಜ್‌ಗೆ ಒಂದು, ಕರೆಂಟ್‌ಗೆ ಒಂದು ಅಂತ ಎರಡು ಪ್ರಿಸೆಟ್ ಇರುವುದನ್ನೇ ಕೇಳಿ ತೆಗೆದುಕೊಳ್ಳಿ, ಬೆಂಗಳೂರಿನ ಎಸ್‌ಪಿ ರೋಡ್‌ನಲ್ಲೂ ಸಿಗುತ್ತದೆ, ಆನ್‌ಲೈನ್‌ನಲ್ಲೂ ಸಿಗುತ್ತದೆ. ಲೋಡ್ ಇಲ್ಲದೆ 14.4 ಸೆಟ್ ಮಾಡಿ. ಆಮೇಲೆ ಕರೆಂಟ್ ಪ್ರಿಸೆಟ್ ಪೂರ್ತಿ ಇಳಿಸಿ, ಮೀಟರ್ ಅನ್ನು 10 ಆಂಪ್ ರೇಂಜ್‌ನಲ್ಲಿ ಔಟ್‌ಪುಟ್‌ಗೆ ನೇರ ಕೊಟ್ಟು 1.5 ಆಂಪ್‌ಗೆ ತನ್ನಿ.

ಬೆಸುಗೆ_ಕಡ್ಡಿ:
ಕರೆಂಟ್ ವಿಷಯ ಒಪ್ಪಿದೆ, ಅಡಾಪ್ಟರ್ ದಾರಿಯೇ ವಾಸಿ. ಆದರೂ ಡಬ್ಬಿ ಬಿಚ್ಚುವವರಿದ್ದರೆ ಹೇಳಿಬಿಡುತ್ತೇನೆ. 230 ವೋಲ್ಟ್ ರೆಕ್ಟಿಫೈ ಆಗಿ ಒಳಗಿನ ದೊಡ್ಡ ಕೆಪಾಸಿಟರ್‌ನಲ್ಲಿ 325 ವೋಲ್ಟ್ ಡಿಸಿ ಕೂತಿರುತ್ತದೆ, ಪ್ಲಗ್ ಕಿತ್ತ ಮೇಲೂ ಸ್ವಲ್ಪ ಹೊತ್ತು ಉಳಿಯುತ್ತದೆ. ಮೀಟರ್‌ನಲ್ಲಿ ನೋಡದೆ ಕೈ ಹಾಕಬೇಡಿ. ಮೊದಲ ಸಲ ಆನ್ ಮಾಡುವಾಗ ಸೀರೀಸ್‌ನಲ್ಲಿ 60 ವ್ಯಾಟ್‌ನ ಹಳೆ ಬಲ್ಬ್ ಇರಲಿ, ಎಲ್‌ಇಡಿ ಅಲ್ಲ. 12ರಿಂದ 14.4 ಅಂದರೆ ಶೇಕಡಾ 20 ಏರಿಕೆ, ಪ್ರೈಮರಿ ಐಸಿಗೆ ಪವರ್ ಕೊಡುವ ಸಣ್ಣ ವೈಂಡಿಂಗ್‌ನಲ್ಲೂ ಹೆಚ್ಚುಕಡಿಮೆ ಅಷ್ಟೇ ಏರುತ್ತದೆ. ಕೆಲವು ಬೋರ್ಡ್‌ಗಳು ಅದನ್ನೇ ಫಾಲ್ಟ್ ಅಂದುಕೊಂಡು ನಿಂತುಬಿಡುತ್ತವೆ. ಮತ್ತೆ ಈ ಎಸ್‌ಎಂಪಿಎಸ್‌ನ ಶಕ್ತಿ 12 ವೋಲ್ಟ್ ಗುಣಿಸು 5 ಆಂಪ್, ಅಂದರೆ 60 ವ್ಯಾಟ್, ವೋಲ್ಟೇಜ್ ಏರಿಸಿದರೂ ಅದು 60 ವ್ಯಾಟೇ. 14.4ರಲ್ಲಿ 5 ಆಂಪ್ ಎಳೆಯುವ ಹಾಗಿಲ್ಲ, 4ರ ಒಳಗೆ.

ಹೊಲದಮನೆ:
ಇಬ್ಬರಿಗೂ ಥ್ಯಾಂಕ್ಸ್. ಬ್ಯಾಟರಿ ನೋಡಿದೆ, 2.4 ಅಂತಲೇ ಇದೆ. ತಮ್ಮನ ಹಳೆ ಲ್ಯಾಪ್‌ಟಾಪ್ ಅಡಾಪ್ಟರ್ ಸಿಕ್ಕಿತು, 19 ವೋಲ್ಟ್ 3.42 ಆಂಪ್. ನಮ್ಮಲ್ಲಿ ಕರೆಂಟ್ ಯಾವಾಗ ಹೋಗುತ್ತದೋ ಗೊತ್ತಿಲ್ಲ, ಆಗ ಬ್ಯಾಟರಿಯಿಂದ ಮಾಡ್ಯೂಲ್‌ಗೆ ವಾಪಸ್ ಹರಿಯುವುದಿಲ್ವಾ?

ಎರಡನೇಪ್ಯೂಸ್:
ಹರಿಯುತ್ತದೆ. ಔಟ್‌ಪುಟ್ ಪ್ಲಸ್‌ನಲ್ಲಿ 5 ಆಂಪ್‌ನ ಷಾಟ್ಕಿ ಡಯೋಡ್ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ, ಕಡಿಮೆ ವೋಲ್ಟೇಜ್ ತಿನ್ನುವ ಡಯೋಡ್) ಒಂದು ಹಾಕಿ, ಪಟ್ಟಿ ಇರುವ ಕಡೆ ಬ್ಯಾಟರಿಗೆ. ಡಯೋಡ್‌ನಲ್ಲಿ ಸುಮಾರು 0.3 ವೋಲ್ಟ್ ಹೋಗುವುದರಿಂದ ಮಾಡ್ಯೂಲ್ ಅನ್ನು 14.7ಕ್ಕೆ ಇಡಿ, ಬ್ಯಾಟರಿ ತುಂಬುತ್ತಾ ಬಂದಾಗ ಅದರ ಟರ್ಮಿನಲ್‌ನಲ್ಲೇ ಅಳೆದು ಬೇಕಾದರೆ ಸ್ವಲ್ಪ ಸರಿಮಾಡಿ. ಬ್ಯಾಟರಿ ವೈರ್‌ಗೆ 3 ಆಂಪ್ ಫ್ಯೂಸ್ ಮರೆಯಬೇಡಿ.