ಮನೆಯ ಸಣ್ಣಪುಟ್ಟ ಸಂಗತಿಗಳಲ್ಲಿ ಆತ್ಮಿಕ ಪಾಠ ಹುಡುಕುತ್ತಾ ಮಕ್ಕಳ ಮಾತನ್ನೇ ಕಳೆದುಕೊಂಡೆನೇ?

ಪ್ರಶ್ನೆ: ಸಾಸಿವೆಕಾಳು

ಕರ್ತನ ನಾಮದಲ್ಲಿ ಎಲ್ಲರಿಗೂ ವಂದನೆಗಳು.

ನಮ್ಮ ಮನೆಯಲ್ಲಿ ರಾತ್ರಿ ಊಟಕ್ಕೆ ಮುಂಚೆ ಕುಟುಂಬ ಪ್ರಾರ್ಥನೆ ನಡೆಯುತ್ತದೆ. ಆ ದಿನ ಮನೆಯಲ್ಲಿ ನಡೆದ ಒಂದು ಸಣ್ಣ ಸಂಗತಿಯನ್ನು ಎತ್ತಿಕೊಂಡು, ಅದಕ್ಕೆ ಹೊಂದುವ ಸತ್ಯವೇದದ ಭಾಗವನ್ನು ಓದಿ, ಮಕ್ಕಳಿಗೆ ಎರಡು ಮಾತು ಹೇಳುವ ಅಭ್ಯಾಸವನ್ನು ನಾನು ಕೆಲವು ವರ್ಷಗಳಿಂದ ಇಟ್ಟುಕೊಂಡಿದ್ದೇನೆ. ಹಿಟ್ಟಿನಲ್ಲಿ ಕಲಸಿದ ಹುಳಿ, ಮನೆ ಗುಡಿಸಿ ಹುಡುಕಿದ ನಾಣ್ಯ, ನಡುರಾತ್ರಿ ಬಾಗಿಲು ತಟ್ಟಿದ ಸ್ನೇಹಿತ ಎಂದು ಯೇಸು ಸ್ವಾಮಿಯೇ ಮನೆವಾರ್ತೆಯ ಮಾತುಗಳಿಂದ ದೇವರ ರಾಜ್ಯವನ್ನು ಬೋಧಿಸಿದ್ದರಿಂದ, ನಾನು ಮಾಡುತ್ತಿರುವುದು ಸರಿಯಾದ ಕೆಲಸವೆಂದೇ ನಂಬಿದ್ದೆ.

ಕಳೆದ ವಾರ ಹನ್ನೊಂದು ವರ್ಷದ ಮಗಳು ಒಂದು ಗಾಜಿನ ಲೋಟವನ್ನು ಒಡೆದು, ಚೂರುಗಳನ್ನು ಹಳೆಯ ಪತ್ರಿಕೆಯಲ್ಲಿ ಸುತ್ತಿ ಕಪಾಟಿನ ಹಿಂದೆ ಬಚ್ಚಿಟ್ಟಿದ್ದಳು. ಅದು ನನ್ನ ಕಣ್ಣಿಗೆ ಬಿತ್ತು. ಆ ರಾತ್ರಿ ಆದಿಕಾಂಡದ ಮೂರನೆಯ ಅಧ್ಯಾಯವನ್ನು ತೆರೆದು, ಆದಾಮನು ಮರಗಳ ಹಿಂದೆ ಅಡಗಿಕೊಂಡದ್ದನ್ನೂ, ಎಲ್ಲಿದ್ದೀ ಎಂದು ದೇವರು ಕೇಳಿದ್ದನ್ನೂ ಓದಿ, ಪಾಪವನ್ನು ಮುಚ್ಚಿಡುವುದರ ಬಗ್ಗೆ ವಿವರಿಸಿದೆ. ಅವಳು ತಲೆ ತಗ್ಗಿಸಿ ಕುಳಿತಿದ್ದಳು. ನಾನು ಮುಗಿಸಿದ ಮೇಲೆ ಹಿಂದೆ ಇಟ್ಟುಕೊಂಡಿದ್ದ ಎಡಗೈಯನ್ನು ಮುಂದೆ ಚಾಚಿ, "ಅಪ್ಪಾ, ಬೆರಳು ಕೊಯ್ದಿದೆ, ನೀವು ಅದನ್ನು ಕೇಳಲೇ ಇಲ್ಲ" ಎಂದಳು. ಗಾಯಕ್ಕೆ ಅವಳೇ ಕರವಸ್ತ್ರ ಸುತ್ತಿಕೊಂಡಿದ್ದಳು, ಅದು ಒಣಗಿ ಚರ್ಮಕ್ಕೆ ಅಂಟಿಕೊಂಡಿತ್ತು.

ಅಂದಿನಿಂದ ಗಮನಿಸುತ್ತಿದ್ದೇನೆ. ಮಗಳು ಮಾತ್ರವಲ್ಲ, ಅವಳ ಅಣ್ಣನೂ ಶಾಲೆಯಲ್ಲಿ ನಡೆದದ್ದನ್ನು ನನ್ನ ಬಳಿ ಹೇಳುವುದನ್ನು ನಿಲ್ಲಿಸಿ ಬಹಳ ದಿನಗಳಾಗಿವೆ. ಏನು ಹೇಳಿದರೂ ರಾತ್ರಿ ಅದು ಪಾಠವಾಗಿ ಬರುತ್ತದೆ ಎಂಬ ಅಂಜಿಕೆ ಅವರಿಗಿರಬೇಕು. ಹಾಗಾದರೆ ದಿನನಿತ್ಯದ ಬದುಕಿನಲ್ಲಿ ದೇವರ ಪಾಠವನ್ನು ಕಾಣುವುದನ್ನೇ ಬಿಟ್ಟುಬಿಡಬೇಕೇ, ಇಲ್ಲವೇ ನಾನು ಕಾಣುತ್ತಿರುವ ರೀತಿಯಲ್ಲಿಯೇ ದೋಷವಿದೆಯೇ? ಅನುಭವವುಳ್ಳವರು ದಯವಿಟ್ಟು ತಿಳಿಸಿ.

ಉತ್ತರ: ಎಣ್ಣೆದೀಪ

ಸಹೋದರರೇ, ನಿಮ್ಮ ಪ್ರಶ್ನೆಯಲ್ಲಿಯೇ ನಿಮ್ಮ ಪ್ರಾಮಾಣಿಕತೆ ಕಾಣುತ್ತದೆ. ನೀವು ತೆರೆದ ಅಧ್ಯಾಯ ಸರಿಯಾದದ್ದೇ, ಆದರೆ ಓದನ್ನು ನಡುವೆಯೇ ನಿಲ್ಲಿಸಿದ್ದೀರಿ ಎಂದು ನನಗನಿಸುತ್ತದೆ. ಅದೇ ಅಧ್ಯಾಯದ 21ನೆಯ ವಚನದವರೆಗೆ ಹೋಗಿದ್ದರೆ, ಅಡಗಿಕೊಂಡಿದ್ದ ಆ ಇಬ್ಬರಿಗೆ ದೇವರು ತಾನೇ ಚರ್ಮದ ಅಂಗಿಗಳನ್ನು ಮಾಡಿ ತೊಡಿಸಿದನೆಂಬ ಮಾತು ಸಿಗುತ್ತಿತ್ತು. ಅವರು ಹೊಲಿದುಕೊಂಡಿದ್ದ ಎಲೆಗಳು ಸಾಲದೆಂದು ಅವನಿಗೆ ಗೊತ್ತಿತ್ತು. ತೋಟದಿಂದ ಹೊರಗೆ ಕಳುಹಿಸುವ ಮುಂಚೆಯೇ ಬಟ್ಟೆ ತೊಡಿಸಿದನು. ನಿಮ್ಮ ಮಗಳು ಸುತ್ತಿಕೊಂಡಿದ್ದ ಕರವಸ್ತ್ರವೂ ಆ ಎಲೆಗಳಂಥದ್ದೇ. ಅದನ್ನು ನೀರಿನಲ್ಲಿ ನೆನೆಸಿ, ನೋವಾಗದಂತೆ ಬಿಡಿಸಿ, ಗಾಯಕ್ಕೆ ಔಷಧಿ ಹಚ್ಚಿ ಹೊಸ ಪಟ್ಟಿ ಕಟ್ಟುವುದು ಅಂದಿನ ಮಟ್ಟಿಗೆ ಸಾಕಾಗಿತ್ತು, ಮಾತು ಬೇಕಿರಲಿಲ್ಲ.

ಮಕ್ಕಳಿಗೆ ದೇವರ ಮಾತನ್ನು ಕಲಿಸುವ ವಿಷಯ ಬಂದಾಗ ನಾವೆಲ್ಲರೂ ಧರ್ಮೋಪದೇಶಕಾಂಡದ ಆರನೆಯ ಅಧ್ಯಾಯವನ್ನು ನೆನೆಯುತ್ತೇವೆ. ಮನೆಯಲ್ಲಿ ಕುಳಿತಿರುವಾಗಲೂ ದಾರಿ ನಡೆಯುವಾಗಲೂ ಮಲಗುವಾಗಲೂ ಏಳುವಾಗಲೂ ಮಾತಾಡಬೇಕೆಂಬ ಆ ಆಜ್ಞೆ ಏಳನೆಯ ವಚನದಲ್ಲಿದೆ. ಆದರೆ ಅದಕ್ಕಿಂತ ಮುಂಚೆ ಆರನೆಯ ವಚನವು, ಈ ಮಾತುಗಳು ನಿಮ್ಮ ಹೃದಯದಲ್ಲಿರಬೇಕು ಎಂದು ದೊಡ್ಡವರಿಗೇ ಹೇಳುತ್ತದೆ. ಇನ್ನು 20ನೆಯ ವಚನಕ್ಕೆ ಬಂದರೆ, ಮುಂದೆ ನಿಮ್ಮ ಮಗನು ಇದೆಲ್ಲ ಏನೆಂದು ವಿಚಾರಿಸುವಾಗ ಹೀಗೆ ಹೇಳು ಎಂದಿದೆ, ಅಂದರೆ ಅಲ್ಲಿ ಬಾಯಿ ತೆರೆಯುವವನು ಮೊದಲು ಮಗು. ಅದಕ್ಕೆ ಕೊಡಬೇಕಾದ ಉತ್ತರವಾದರೂ "ನೀನು ಹೀಗಿರಬೇಕು" ಎಂಬ ಬುದ್ಧಿಮಾತಿನಿಂದ ಪ್ರಾರಂಭವಾಗುವುದಿಲ್ಲ. ನಾವು ಐಗುಪ್ತದಲ್ಲಿ ಫರೋಹನಿಗೆ ದಾಸರಾಗಿದ್ದೆವು, ಕರ್ತನು ನಮ್ಮನ್ನು ಬಿಡಿಸಿದನು ಎಂಬ ತಂದೆಯ ಸಾಕ್ಷಿಯಿಂದ ಪ್ರಾರಂಭವಾಗುತ್ತದೆ. ಯೆಹೋಶುವನ ಪುಸ್ತಕದ ನಾಲ್ಕನೆಯ ಅಧ್ಯಾಯದಲ್ಲಿಯೂ ಇದೇ ಕ್ರಮವಿದೆ. ಯೊರ್ದನ್ ನದಿಯ ನಡುವಿನಿಂದ ಹನ್ನೆರಡು ಕಲ್ಲುಗಳನ್ನು ತಂದು ನಿಲ್ಲಿಸಿ, ಈ ಕಲ್ಲುಗಳು ಏನೆಂದು ಮಕ್ಕಳು ಕೇಳಲಿ ಎಂದು ಕಾಯುತ್ತಾರೆ.

ನಿಮ್ಮ ಮನೆಯಲ್ಲಿ ಕ್ರಮ ತಿರುಗುಮುರುಗಾಗಿದೆ. ಮಕ್ಕಳು ಕೇಳುವ ಮುಂಚೆಯೇ ಉತ್ತರ ಸಿದ್ಧವಾಗಿರುತ್ತದೆ, ಆ ಉತ್ತರವೂ ಅವರ ತಪ್ಪಿನ ಬಗ್ಗೆಯೇ ಇರುತ್ತದೆ. ಇನ್ನು ಕೆಲವು ದಿನ ನಿಮ್ಮದೇ ದಿನದಿಂದ ಒಂದು ಸಂಗತಿಯನ್ನು ಎತ್ತಿಕೊಳ್ಳಿ. ಕೆಲಸದಲ್ಲಿ ನೀವು ಯಾರ ಮೇಲೆ ಸಿಟ್ಟಾದಿರಿ, ಎಲ್ಲಿ ಸುಳ್ಳು ಹೇಳುವ ಶೋಧನೆ ಬಂತು, ದೇವರು ಅಲ್ಲಿ ನಿಮ್ಮನ್ನು ಹೇಗೆ ಸಹಿಸಿಕೊಂಡನು ಎಂಬುದು ಮಕ್ಕಳ ಕಿವಿಗೆ ಬೀಳಲಿ.

ಉತ್ತರ: ಸಂಜೆಯ ಕಾವಲು

ನನ್ನ ಮನೆಯಲ್ಲಿ ಚಿಕ್ಕ ಮಕ್ಕಳಿಲ್ಲ, ಮರೆವಿನ ಕಾಯಿಲೆಯಿರುವ ತಾಯಿ ಇದ್ದಾರೆ. ಹಗಲೆಲ್ಲ ಸಮಾಧಾನವಾಗಿರುತ್ತಾರೆ, ಸಂಜೆ ಕತ್ತಲಾಗುತ್ತಿದ್ದಂತೆ ಭಯಪಡುತ್ತಾರೆ. "ನೀವು ಯಾರು? ನನ್ನನ್ನು ಮನೆಗೆ ಯಾವಾಗ ಕಳುಹಿಸುತ್ತೀರಿ?" ಎಂದು ನನ್ನನ್ನೇ ಕೇಳುತ್ತಾರೆ. ಒಂದು ಗಂಟೆಯಲ್ಲಿ ಅದೇ ಪ್ರಶ್ನೆ ಇಪ್ಪತ್ತು ಸಲ ಬರುವುದುಂಟು. ಬಾಗಿಲ ಚಿಲಕದ ಮೇಲೆ ಅವರು ಕೈ ಇಟ್ಟುಕೊಂಡು ನಿಂತಿರುತ್ತಾರೆ, ನಾನು ಆ ಕೈಯ ಮೇಲೆ ನನ್ನ ಕೈ ಇಟ್ಟುಕೊಂಡು ನಿಂತಿರುತ್ತೇನೆ.

ಇದರಲ್ಲಿ ದೇವರು ನಿಮಗೆ ತಾಳ್ಮೆಯ ಪಾಠ ಕಲಿಸುತ್ತಿದ್ದಾನೆ ಎಂದು ನನಗೆ ಹೇಳಿದವರು ಹಲವರು. ಅವರ ಮನಸ್ಸು ಒಳ್ಳೆಯದೇ, ಆದರೆ ಆ ಮಾತಿನಿಂದ ನನಗೆ ನೋವಾಗಿದೆ, ಏಕೆಂದರೆ ನನ್ನ ತಾಯಿ ನನಗೆ ಪಾಠ ಹೇಳಿಕೊಡಲೆಂದು ಇಟ್ಟಿರುವ ಸಾಧನವಲ್ಲ. ಯೋಬನ ಮೂವರು ಸ್ನೇಹಿತರು ಏಳು ದಿನ, ಏಳು ರಾತ್ರಿ ಅವನೊಂದಿಗೆ ನೆಲದ ಮೇಲೆ ಸುಮ್ಮನೆ ಕುಳಿತಿದ್ದಷ್ಟು ಕಾಲ ತಪ್ಪು ಮಾಡಲಿಲ್ಲ. ಅವನ ಕಷ್ಟಕ್ಕೆ ಅರ್ಥ ಹೇಳಲು ಹೊರಟ ಮೇಲೆಯೇ ಅವರ ಮಾತು ದಾರಿ ತಪ್ಪಿತು. ನಿಮ್ಮ ಮಗಳು ಕೈ ಚಾಚಿದ್ದನ್ನು ಓದಿದಾಗ ನನಗೆ ಇದೇ ನೆನಪಾಯಿತು.

ಹಾಗೆಂದು ನನಗೆ ಏನೂ ಸಿಕ್ಕಿಲ್ಲವೆಂದಲ್ಲ. ಯೆಶಾಯನ 49ನೆಯ ಅಧ್ಯಾಯದಲ್ಲಿ, ಹೆತ್ತ ತಾಯಿ ತನ್ನ ಮೊಲೆಕೂಸನ್ನು ಮರೆತಾಳೇ ಎಂದು ದೇವರು ಕೇಳುವ ವಚನವನ್ನು ನಾನು ಬಾಲ್ಯದಿಂದ ಬಾಯಿಪಾಠ ಹೇಳುತ್ತಿದ್ದೆ. ಅದು ಆಗದ ಮಾತು, ತಾಯಿ ಮರೆಯುವುದುಂಟೇ ಎಂಬ ಭಾವದಿಂದಲೇ ಹೇಳುತ್ತಿದ್ದೆ. ಒಂದು ಸಂಜೆ ತಾಯಿ ನನ್ನ ಮುಖವನ್ನು ದಿಟ್ಟಿಸಿ ನೋಡಿ, "ನನಗೆ ಮಕ್ಕಳಿದ್ದರೇ?" ಎಂದು ಕೇಳಿದರು. ಆ ರಾತ್ರಿ ವಚನದ ಉಳಿದ ಅರ್ಧ ನನಗೆ ಮೊದಲ ಸಲ ಕೇಳಿಸಿತು: ಒಂದು ವೇಳೆ ಅವಳು ಮರೆತರೂ ನಾನು ನಿನ್ನನ್ನು ಮರೆಯುವುದಿಲ್ಲ. ತಾಯಿ ಮರೆಯಬಹುದು ಎಂಬುದನ್ನು ದೇವರು ಮೊದಲೇ ಲೆಕ್ಕಕ್ಕೆ ತೆಗೆದುಕೊಂಡೇ ಆ ಮಾತು ಕೊಟ್ಟಿದ್ದಾನೆ. ನನ್ನನ್ನೂ ಮರೆಯುವುದಿಲ್ಲ, ಎಲ್ಲವನ್ನೂ ಮರೆತಿರುವ ತಾಯಿಯನ್ನೂ ಮರೆಯುವುದಿಲ್ಲ. ಇದನ್ನು ನಾನು ಹುಡುಕಿಕೊಂಡು ಹೋಗಿರಲಿಲ್ಲ, ಚಿಲಕದ ಬಳಿ ನಿಂತಿದ್ದಾಗ ಸಿಕ್ಕಿತು. ಬೇರೆ ಯಾರಾದರೂ ನನಗೆ ವಿವರಿಸಿದ್ದರೆ ಖಂಡಿತ ಸಿಟ್ಟು ಬರುತ್ತಿತ್ತು.

ಉತ್ತರ: ಮೂವರ ತಾಯಿ

ಮೇಲಿನ ಇಬ್ಬರ ಮಾತನ್ನೂ ಗೌರವಿಸುತ್ತೇನೆ, ಆದರೆ ಸಾಸಿವೆಕಾಳು ಅವರು ಬೆದರಿ ಕುಟುಂಬ ಪ್ರಾರ್ಥನೆಯಲ್ಲಿ ಬೋಧಿಸುವುದನ್ನೇ ನಿಲ್ಲಿಸಿಬಿಡಬಾರದು. ಮಕ್ಕಳು ಕೇಳಲಿ ಎಂದು ಕಾಯುತ್ತಾ ಕುಳಿತು, ಕೇಳುವ ವಯಸ್ಸೇ ದಾಟಿಹೋದ ಮನೆಗಳನ್ನು ನಾನು ನೋಡಿದ್ದೇನೆ. ಪೌಲನ ಶಿಷ್ಯನಾದ ತಿಮೊಥೆಯಲ್ಲಿದ್ದ ನಂಬಿಕೆ ಮೊದಲು ಅಜ್ಜಿ ಲೋವಿಯಲ್ಲಿ, ಆಮೇಲೆ ತಾಯಿ ಯೂನಿಕೆಯಲ್ಲಿ ವಾಸವಾಗಿತ್ತು ಎಂದು ಪೌಲನು ಅವನಿಗೆ ಬರೆದ ಎರಡನೆಯ ಪತ್ರದಲ್ಲಿ ಹೇಳುತ್ತಾನೆ. ಚಿಕ್ಕಂದಿನಿಂದಲೇ ಅವನಿಗೆ ಪರಿಶುದ್ಧ ಗ್ರಂಥಗಳ ಪರಿಚಯವಿತ್ತೆಂದೂ ಅದೇ ಪತ್ರ ಹೇಳುತ್ತದೆ. ಯಾರೋ ಕುಳಿತು ಕಲಿಸದೆ ಅದು ಆಗುವ ಕೆಲಸವಲ್ಲ.

ನನ್ನ ದೃಷ್ಟಿಯಲ್ಲಿ ದೋಷವಿರುವುದು ಎಲ್ಲರ ಮುಂದೆ ಒಬ್ಬರ ತಪ್ಪನ್ನು ಎತ್ತಿದ್ದರಲ್ಲಿ. ಮೆಥೋಡಿಸ್ಟ್ ಸಭೆಯ ಮೂಲಪುರುಷ ಜಾನ್ ವೆಸ್ಲಿಯವರ ತಾಯಿ ಸುಸಾನಾ ವೆಸ್ಲಿ ಹತ್ತೊಂಬತ್ತು ಮಕ್ಕಳನ್ನು ಹೆತ್ತವರು, ಅವರಲ್ಲಿ ಬಹಳಷ್ಟು ಮಕ್ಕಳನ್ನು ಎಳವೆಯಲ್ಲೇ ಕಳೆದುಕೊಂಡವರು. ಉಳಿದ ಮಕ್ಕಳಲ್ಲಿ ಒಬ್ಬೊಬ್ಬರಿಗೂ ವಾರದಲ್ಲಿ ಒಂದು ಸಂಜೆಯನ್ನು ಮೀಸಲಿಟ್ಟು ಪ್ರತ್ಯೇಕವಾಗಿ ಮಾತಾಡುತ್ತಿದ್ದುದಾಗಿ ಅವರು 1712ರಲ್ಲಿ ತಮ್ಮ ಗಂಡನಿಗೆ ಬರೆದ ಪತ್ರದಲ್ಲಿದೆ. ಜಾನ್‌ಗೆ ಗುರುವಾರ. ಅಷ್ಟು ಕೆಲಸದ ನಡುವೆ ಅವರಿಗೆ ಬಿಡುವು ಸಿಕ್ಕಿತೆಂದರೆ ನಮಗೂ ಸಿಗಬೇಕು. ಒಬ್ಬೊಬ್ಬರನ್ನೇ ಕೂರಿಸಿಕೊಂಡರೆ ಮಕ್ಕಳು ಮಾತಾಡುತ್ತಾರೆ, ಇದನ್ನು ನಾನು ಮೂವರ ವಿಷಯದಲ್ಲಿಯೂ ಕಂಡಿದ್ದೇನೆ.

ಇನ್ನೊಂದು ಮಾತು. ಆಸ್ತಿಯನ್ನೆಲ್ಲ ಹಾಳುಮಾಡಿ ತಂದೆಯ ಬಳಿಗೆ ಮರಳಿದ ಮಗನ ಬಗ್ಗೆ ಯೇಸು ಹೇಳಿದ ತಪ್ಪಿಹೋದ ಮಗನ ಸಾಮ್ಯದಲ್ಲಿ, ಮಗನು ಮನೆಗೆ ಹೊರಡುವ ಮುಂಚೆ ಸಿದ್ಧಮಾಡಿಕೊಂಡ ಮಾತುಗಳನ್ನೂ ತಂದೆಯ ಮುಂದೆ ಆಡಿದ ಮಾತುಗಳನ್ನೂ ಹೋಲಿಸಿ ನೋಡಿ. ನನ್ನನ್ನು ಕೂಲಿಯಾಳಿನಂತೆ ಇಟ್ಟುಕೋ ಎಂಬ ಕೊನೆಯ ಮಾತು ಬಾಯಿಂದ ಹೊರಬರುವುದೇ ಇಲ್ಲ, ಅಷ್ಟರಲ್ಲಿ ತಂದೆ ಅಂಗಿಗೂ ಉಂಗುರಕ್ಕೂ ಆಜ್ಞೆ ಕೊಟ್ಟಾಗಿರುತ್ತದೆ. ನನ್ನ ದೊಡ್ಡ ಮಗ ಪರೀಕ್ಷೆಯಲ್ಲಿ ನಪಾಸಾಗಿ ಬಂದ ದಿನ ನಾನು ಅವನ ಮಾತನ್ನು ಪೂರ್ತಿ ಕೇಳಿಸಿಕೊಂಡೆ, ಅದರ ಮೇಲೆ ನನ್ನದನ್ನೂ ಸೇರಿಸಿದೆ. ಮೂರು ದಿನ ಕಳೆದ ಮೇಲೆ ಅವನ ಕೋಣೆಗೆ ಹೋಗಿ ಕ್ಷಮೆ ಕೇಳಿದೆ. ಮಗನ ಬಳಿ ಕ್ಷಮೆ ಕೇಳಿದರೆ ತಾಯಿಯ ಮಾತಿಗೆ ಬೆಲೆ ಹೋಗುತ್ತದೆಂದು ಅಲ್ಲಿಯವರೆಗೆ ಹೆದರಿದ್ದೆ. ಆ ಸಂಜೆ ಅವನು ಎರಡು ಗಂಟೆ ಮಾತಾಡಿದನು. ನೀವೂ ಮಗಳ ಬಳಿ ಕ್ಷಮೆ ಕೇಳಿ, ಸಹೋದರರೇ. ತಡಮಾಡಬೇಡಿ.

ಪ್ರಶ್ನೆ ಕೇಳಿದವರಿಂದ: ಸಾಸಿವೆಕಾಳು

ಎಲ್ಲರಿಗೂ ಕೃತಜ್ಞತೆಗಳು. ನಿನ್ನೆ ಸಂಜೆ ಮಗಳ ಬೆರಳಿನ ಪಟ್ಟಿಯನ್ನು ಬದಲಾಯಿಸುವಾಗ ಕ್ಷಮೆ ಕೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ನೀವು ಚಿಕ್ಕವರಿದ್ದಾಗ ಏನಾದರೂ ಒಡೆದಿದ್ದಿರಾ?" ಎಂದು ಕೇಳಿದಳು. ಒಡೆದಿದ್ದೆ. ಅಂದು ಹೊಡೆತದ ಭಯದಿಂದ ತಮ್ಮನ ಹೆಸರು ಹೇಳಿದ್ದೆ, ಅವನು ಪೆಟ್ಟು ತಿಂದಿದ್ದ. ಇದನ್ನು ನನ್ನ ಹೆಂಡತಿಗೂ ಹೇಳಿರಲಿಲ್ಲ. ಎಲ್ಲವನ್ನೂ ಹೇಳಿದೆ. ಚಿಕ್ಕಪ್ಪನಿಗೆ ಈ ವಿಷಯ ಗೊತ್ತೇ ಎಂದು ಅವಳು ಕೇಳಿದಾಗ ನನ್ನ ಬಳಿ ಉತ್ತರವಿರಲಿಲ್ಲ. ಇಂದು ಬೆಳಿಗ್ಗೆ ತಮ್ಮನಿಗೆ ಫೋನ್ ಮಾಡಿ ಮಾತಾಡಿದೆ.

ಸಂಜೆಯ ಕಾವಲು ಅವರೇ, ನಿಮ್ಮ ತಾಯಿಯವರ ವಿಷಯವನ್ನು ರಾತ್ರಿ ಮಕ್ಕಳಿಗೆ ತಿಳಿಸಿದೆ, ಬೇರೇನನ್ನೂ ಸೇರಿಸಲಿಲ್ಲ. ಪ್ರಾರ್ಥನೆಯ ಸಮಯದಲ್ಲಿ ಮಗ ಬಹಳ ದಿನಗಳ ಮೇಲೆ ತಾನಾಗಿ ಬಾಯಿ ತೆರೆದು, ಕತ್ತಲಾಗುವಾಗ ಆ ಅಜ್ಜಿಗೆ ಭಯವಾಗದಿರಲಿ ಎಂದು ಬೇಡಿಕೊಂಡನು. ಅವರ ಹೆಸರೇನೆಂದು ಕೇಳುತ್ತಿದ್ದಾನೆ. ಇಲ್ಲಿ ಬರೆಯಬೇಡಿ, ಖಾಸಗಿ ಸಂದೇಶದಲ್ಲಿ ತಿಳಿಸಲು ನಿಮಗೆ ಇಷ್ಟವಿದ್ದರೆ ತಿಳಿಸಿ.