ಬಸ್ಸಿನ ಮೀಸಲು ಆಸನದ ಮೇಲೆ ಮೊದಲ ಹಕ್ಕು ಯಾರದು?

ಶಹಾಬಜಾರ್ ನಿವಾಸಿ: ಕಲಬುರಗಿಯ ಸೂಪರ್ ಮಾರ್ಕೆಟಿನಿಂದ ಹೊರಡುವ ಬಸ್ಸಿನಲ್ಲಿ ಊರುಗೋಲು ಹಿಡಿದ ಯುವಕ, ಎಪ್ಪತ್ತು ದಾಟಿದ ಅಜ್ಜಿ ಮತ್ತು ಕೂಸನ್ನೆತ್ತಿಕೊಂಡ ತಾಯಿ ಒಂದೇ ಆಸನದ ಮುಂದೆ ನಿಂತರೆ, ಅದನ್ನು ಮೊದಲು ಯಾರಿಗೆ ಬಿಟ್ಟುಕೊಡಬೇಕು?

ನಿವೃತ್ತ ಶಿಕ್ಷಕ: ಅಂಗವಿಕಲರಿಗೆಂದು ಬರೆದಿರುವ ಆಸನವಾದರೆ ಯುವಕನಿಗೇ. ಅಜ್ಜಿಗೂ ತಾಯಿಗೂ ಉಳಿದ ಪ್ರಯಾಣಿಕರು ಎದ್ದು ಜಾಗ ಕೊಡಬಹುದು. ಆದರೆ ನಮ್ಮಲ್ಲಿ ಕಿಟಕಿಯಿಂದ ಟವೆಲ್ ಎಸೆದವನೇ ಆಸನದ ಒಡೆಯನಾಗುತ್ತಾನೆ.

ಕಾನೂನು ವಿದ್ಯಾರ್ಥಿನಿ: ಗುರುಗಳ ಮಾತನ್ನು ಒಪ್ಪುತ್ತೇನೆ, ಆದರೆ ಊರುಗೋಲು ಕಾಣದಿದ್ದರೆ ಏನು ಮಾಡುವುದು? 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮವು ಗುರುತಿಸಿರುವ 21 ಬಗೆಯ ವೈಕಲ್ಯಗಳಲ್ಲಿ ಥಲಸ್ಸೀಮಿಯಾ, ಕುಡಗೋಲು ಕಣ ರೋಗ ಎಂಬ ರಕ್ತದ ಕಾಯಿಲೆಗಳೂ ಸೇರಿವೆ. ಇಂಥ ಕಾಯಿಲೆ ಇರುವವರು ನೋಡಲು ಗಟ್ಟಿಮುಟ್ಟಾಗಿ ಕಂಡರೂ ಬಹಳ ಹೊತ್ತು ನಿಲ್ಲಲಾಗದೆ ಇರಬಹುದು. ಆದ್ದರಿಂದ ಕುಳಿತವರನ್ನು ಗದರಿಸಿ ಎಬ್ಬಿಸುವ ಬದಲು ವಿಚಾರಿಸುವುದು ಒಳ್ಳೆಯದು.

ಕಾನೂನು ವಿದ್ಯಾರ್ಥಿನಿ (ಮುಂದುವರಿದು): ಬ್ರಿಟನ್ನಿನ ಬಸ್ಸೊಂದರಲ್ಲಿ ಗಾಲಿಕುರ್ಚಿಯ ಜಾಗವನ್ನು ಮಗುವಿನ ತಳ್ಳುಗಾಡಿ ಆಕ್ರಮಿಸಿದ್ದ ಪ್ರಕರಣದಲ್ಲಿ, ಜಾಗ ಬಿಡಿ ಎಂದು ಚಾಲಕನು ಒಮ್ಮೆ ವಿನಂತಿಸಿ ಸುಮ್ಮನಾದರೆ ಸಾಲದು, ನಿರಾಕರಣೆ ಅಸಮಂಜಸವೆನಿಸಿದರೆ ಮುಂದೇನು ಮಾಡಬಹುದೆಂದು ಯೋಚಿಸಬೇಕು ಎಂದು ಅಲ್ಲಿನ ಸುಪ್ರೀಂ ಕೋರ್ಟು 2017ರಲ್ಲಿ ಹೇಳಿತು. ಬಲವಂತವಾಗಿ ಇಳಿಸಬೇಕೆಂದು ಮಾತ್ರ ಹೇಳಲಿಲ್ಲ.

ಜೇವರ್ಗಿ ಪ್ರಯಾಣಿಕ: ಇಲ್ಲಿ ಹಾಗೆ ಕೇಳಿ ವಿಚಾರಿಸುವ ಕೆಲಸವನ್ನು ನಿರ್ವಾಹಕರೇ ಮಾಡಬೇಕು, ಕಿಕ್ಕಿರಿದ ಬಸ್ಸಿನಲ್ಲಿ ಪ್ರಯಾಣಿಕರು ಕೇಳಿದರೆ ಜಗಳವಾಗುತ್ತದೆ. ಅದಕ್ಕೂ ಮೊದಲು, ಎತ್ತರದ ಮೆಟ್ಟಿಲು ಹತ್ತಲಾರದೆ ನಿಲ್ದಾಣದಲ್ಲೇ ಉಳಿದವರಿಗೆ ಒಳಗಿನ ಮೀಸಲು ಆಸನದಿಂದ ಏನು ಪ್ರಯೋಜನ?