ಹದಿನಾರರ ಹುಡುಗಿಗೆ ಯಾವ ಪ್ರೇಮ ಕಾದಂಬರಿ ಕೊಡಲಿ?

ತುಂಗೆತೀರ: ಅಕ್ಕನ ಮಗಳು ತೀರ್ಥಹಳ್ಳಿಯಲ್ಲಿ ಪಿಯುಸಿ ಓದುತ್ತಿದ್ದಾಳೆ. ಕ್ಲಾಸಿನ ಹುಡುಗನೊಬ್ಬ ಮಾತು ಬಿಟ್ಟಿದ್ದಾನಂತೆ, ಎರಡು ವಾರದಿಂದ ತಟ್ಟೆಯಲ್ಲಿರುವ ಕಡುಬನ್ನು ಸುಮ್ನೆ ಚೂರು ಚೂರು ಮಾಡಿ ಎದ್ದು ಹೋಗುತ್ತಾಳೆ, ಅಕ್ಕ ಕೇಳಿದರೆ ತಲೆನೋವು ಅನ್ನುತ್ತಾಳೆ. ನಿಜ ಗೊತ್ತಿರುವುದು ನನಗೊಬ್ಬಳಿಗೇ. ಬುದ್ಧಿ ಹೇಳುವ ಪುಸ್ತಕ ಬೇಡ. ಪ್ರೀತಿ, ನೋವು, ಮನೆಯವರು, ಎಲ್ಲ ಇರಬೇಕು.

ಅಡಿಕೆಸಿಪ್ಪೆ: ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’, 1967ರದ್ದು. ಹಳೇದು ಅಂತ ಮೂಗು ಮುರಿಯಬೇಡಿ. ಚಿನ್ನಮ್ಮ ಬೇಡದ ಮದುವೆ ತಪ್ಪಿಸಿಕೊಂಡು ರಾತ್ರಿ ಕಾಡಿಗೆ ಓಡುತ್ತಾಳೆ, ಗುತ್ತಿ ತನ್ನ ನಾಯಿ ಹುಲಿಯನನ್ನು ಕಟ್ಟಿಕೊಂಡು ತಿಮ್ಮಿಗಾಗಿ ಊರೂರು ನಡೆಯುತ್ತಾನೆ. ಕಥೆ ನಡೆಯುವುದು ಮಲೆನಾಡಿನಲ್ಲೇ, ನಿಮ್ಮ ಹುಡುಗಿಗೆ ಎಲ್ಲ ಗೊತ್ತಿರುವ ಸೀಮೆ, ಅಲ್ವಾ? ಹುಲಿಯನ ಕೊನೆ ಓದಿ ನಾನಂತೂ ಅತ್ತಿದ್ದೆ.

ಇಂಬಳ: ಸಾರ್, ಊಟ ಸೇರದ ಹುಡುಗಿಗೆ ಅಷ್ಟು ದಪ್ಪದ ಪುಸ್ತಕವಾ! ಇಂಗ್ಲಿಷ್ ಓದುತ್ತಾಳಾದರೆ ಜಾನ್ ಗ್ರೀನ್ ಬರೆದ ‘ದ ಫಾಲ್ಟ್ ಇನ್ ಅವರ್ ಸ್ಟಾರ್ಸ್’ ಕೊಡಿ, 2012ರದ್ದು. ಅದರ ನಾಯಕಿ ಹೇಜಲ್‌ಗೂ ಹದಿನಾರೇ. ಕ್ಯಾನ್ಸರ್ ಇದೆ, ಅಳು ಜಾಸ್ತಿ, ನಿಜ. ಆದರೆ ನನಗೆ ನಾಟಿದ್ದು ಹುಡುಗನ ಕಥೆಗಿಂತ ಅವಳ ಅಮ್ಮ. ಮಗಳಿಗೆ ಬೇಜಾರಾದೀತು ಅಂತ ತನ್ನ ಓದನ್ನೇ ಗುಟ್ಟಾಗಿಟ್ಟಿರುತ್ತಾಳೆ.

ತುಂಗೆತೀರ: ಅಮ್ಮನ ವಿಷಯ ಕೇಳಿದ ಮೇಲೆ ಇದನ್ನೇ ಕೊಡುತ್ತೇನೆ. ಮದುಮಗಳು ಅಕ್ಕನ ಕಪಾಟಿನಲ್ಲೇ ಇದೆ, ಮಳೆಗಾಲಕ್ಕೆ ಸಿಗುತ್ತದೆ. ನಿನ್ನೆ ಅರ್ಧ ಕಡುಬು ತಿಂದಳಂತೆ.